ಹದಿನಾಲ್ಕನೆಯವನು

ಮಾರ್ವಾ ಊರಿನ ಅಥಾಲ್ ರಂಡಲ್ ಮೂವತ್ತೆಂಟು ವರ್ಷ ಬೇರೆಯವರ ಮೈಮೇಲಿನ ಕೆಸರು ತೊಳೆದ. ಶನಿವಾರ ಸಂಜೆ ಆಟ ಮುಗಿದು ಆಟಗಾರರೆಲ್ಲ ಬಿಯರ್ ಕಡೆಗೆ ಓಡಿದ ಮೇಲೆ, ಬೆಂಚಿನ ಕೆಳಗೆ ಬಿದ್ದ ಒದ್ದೆ ಜರ್ಸಿಗಳನ್ನು ಎರಡು ಚೀಲಕ್ಕೆ ತುರುಕಿ ಗಾಡಿಯ ಹಿಂದೆ ಎಸೆದು ಮನೆಗೆ ತರುತ್ತಿದ್ದ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಷ್ಟೂ ಒಗೆದು ರಸ್ತೆಬದಿಯ ತಂತಿಯ ಮೇಲೆ ಹರವಿರಬೇಕು. ಮಾರ್ವಾ ಫುಟಿ ಕ್ಲಬ್ಬಿನಲ್ಲಿ ಅವನ ಕೆಲಸವೇ ಅದು. ಸಂಬಳವಿಲ್ಲ, ರಜೆಯಿಲ್ಲ, ಬಲವಂತ ಮಾಡಿದವರೂ ಯಾರೂ ಇಲ್ಲ.

ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ ಹದಿನೆಂಟು ಜನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ಮಾರ್ವಾ ಇರುವ ಟಾಸ್ಮೇನಿಯಾ ದ್ವೀಪದಲ್ಲಿ ಫುಟಿ ಎಂದರೆ ಇದೊಂದೇ; ಬೇರೆ ಆಟದ ಹೆಸರೆತ್ತಿದವರನ್ನು ಅಲ್ಲಿಯ ಜನ ಮೇಲಿಂದ ಕೆಳಗೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಮಾರ್ವಾದಲ್ಲಿ ಒಂದು ವಾಡಿಕೆಯಿತ್ತು. ಭಾನುವಾರ ಅಥಾಲನ ಮನೆಮುಂದೆ ಹಾದುಹೋಗುವ ಕಾರುಗಳು ತಂತಿಯ ಮೇಲೆ ಜರ್ಸಿಗಳನ್ನು ಕಂಡರೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದವು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಆಟ ನಡೆಯಿತು, ಊರು ಇನ್ನೂ ಇದೆ ಎಂದು ಅದರ ಅರ್ಥ. ಅಥಾಲ್ ಎಲ್ಲಿದ್ದರೂ, ಶೆಡ್ಡಿನೊಳಗಿದ್ದರೂ ಸರಿ, ತಲೆಯೆತ್ತದೆ ಒಂದು ಕೈ ಮೇಲೆತ್ತುತ್ತಿದ್ದ.

ಹೆಂಡತಿ ನೋಲಾಗೆ ಇದೆಲ್ಲ ಅಷ್ಟಕ್ಕಷ್ಟೆ. "ಇಷ್ಟು ವರ್ಷದಲ್ಲಿ ನನ್ನದೊಂದು ಲಂಗ ಒಗೆದು ಕೊಟ್ಟಿದ್ದೀಯಾ ನೀನು?" ಎಂದು ಕೇಳಿದರೆ ಅಥಾಲ್, "ನಿನ್ನ ಲಂಗದ ಮೇಲೆ ನಂಬರ್ ಇಲ್ವಲ್ಲೇ," ಅನ್ನುತ್ತಿದ್ದ. ಅವಳು ಕೈಗೆ ಸಿಕ್ಕಿದ ಕಾಲುಚೀಲ ತೆಗೆದು ಅವನ ಮುಖಕ್ಕೆ ಎಸೆಯುತ್ತಿದ್ದಳು. ಮನೆಯಲ್ಲಿ ಕಾಲುಚೀಲಕ್ಕೇನೂ ಬರವಿರಲಿಲ್ಲ.

ಅವನೇನು ದೊಡ್ಡ ಆಟಗಾರನಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡನೇ ತಂಡಕ್ಕೆ ಆರು ಪಂದ್ಯ ಆಡಿ, ಏಳನೆಯದಕ್ಕೆ ಮಂಡಿ ಮುರಿದುಕೊಂಡ. ಆಲೂಗಡ್ಡೆ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದ. ಆಮೇಲೊಂದು ದಿನ, ಜರ್ಸಿ ಒಗೆಯುತ್ತಿದ್ದ ಮುದುಕ ತೀರಿಹೋದಾಗ, ಚೀಲವನ್ನು ಒಂದು ವಾರದ ಮಟ್ಟಿಗೆ ಎಂದು ಮನೆಗೆ ತಂದ. ಆ ಒಂದು ವಾರ ಮುಗಿಯಲೇ ಇಲ್ಲ. ಇಪ್ಪತ್ತೈದು ವರ್ಷವಾದಾಗ ಕ್ಲಬ್ಬು ಅವನನ್ನು ಆಜೀವ ಸದಸ್ಯನನ್ನಾಗಿ ಮಾಡಿ ಕೋಟಿಗೆ ಚುಚ್ಚಿಕೊಳ್ಳುವ ಚಿನ್ನದ ಬಣ್ಣದ ಬಿಲ್ಲೆ ಕೊಟ್ಟಿತು. ಮದುವೆಯ ಉಂಗುರವನ್ನು ಎಲ್ಲೆಲ್ಲೋ ಬಿಟ್ಟುಬರುತ್ತಿದ್ದ ಮನುಷ್ಯ, ಆ ಬಿಲ್ಲೆಯನ್ನು ಒಂದು ದಿನಕ್ಕೂ ಕಳೆಯಲಿಲ್ಲ.

ಅವನಿಗಿದ್ದ ಇನ್ನೊಂದು ಹುಚ್ಚನ್ನು ಹೇಳದಿದ್ದರೆ ಅಥಾಲನ ಕಥೆ ಅರ್ಧವೇ ಆಗುತ್ತದೆ. ಇಡೀ ದೇಶದ ದೊಡ್ಡ ಲೀಗಿನಲ್ಲಿ ಹದಿನೆಂಟು ತಂಡ. ಟಾಸ್ಮೇನಿಯಾದ್ದು ಒಂದೂ ಇಲ್ಲ. ನೂರು ವರ್ಷದಿಂದ ಒಳ್ಳೊಳ್ಳೆಯ ಆಟಗಾರರನ್ನು ಹಡಗು ಹತ್ತಿಸಿ ಮೆಲ್ಬರ್ನಿಗೆ ಕಳಿಸಿದ್ದೇ ಬಂತು, ತಿರುಗಿ ಸಿಕ್ಕಿದ್ದೇನು? ಚಪ್ಪಾಳೆ. ಹಾಗಾಗಿ ದ್ವೀಪದ ಜನ ಹುಟ್ಟುತ್ತಲೇ ಯಾವುದಾದರೊಂದು ಮೆಲ್ಬರ್ನ್ ತಂಡವನ್ನು ತಮ್ಮದು ಎಂದು ಆರಿಸಿಕೊಂಡು, ಕಂಡವರ ಮಕ್ಕಳಿಗೆ ಜನ್ಮವಿಡೀ ಗಂಟಲು ಹರಿದುಕೊಳ್ಳುತ್ತಿದ್ದರು. ಅಥಾಲ್ ಮಾತ್ರ ಆರಿಸಿಕೊಳ್ಳಲಿಲ್ಲ. ಹನ್ನೆರಡರ ವಯಸ್ಸಿಗೇ, "ನಮ್ಮದು ಬರಲಿ, ಆಮೇಲೆ ಕೂಗ್ತೀನಿ," ಎಂದುಬಿಟ್ಟ.

ಹೋಟೆಲಿನ ಬಾರಿನಲ್ಲಿ ಅವನನ್ನು ಕಿಚಾಯಿಸುವುದೇ ಒಂದು ಆಟವಾಯಿತು. "ಏನೋ ಅಥಾಲ್, ಹುಡುಗಿ ಗೊತ್ತಾಯ್ತೋ, ಇನ್ನೂ ಬ್ರಹ್ಮಚಾರೀನೋ?"

"ಗೊತ್ತಾಗಿದೆ ಕಣ್ರೋ. ಅವಳಿನ್ನೂ ಹುಟ್ಟಿಲ್ಲ, ಅಷ್ಟೆ."

ನಗು ಏಳುತ್ತಿತ್ತು. ಆದರೆ ಅವನಿಗೆ ಅದು ತಮಾಷೆಯಾಗಿರಲಿಲ್ಲ. ಆಟದ ದಿನ ಗೇಟಿನ ಬಳಿ ಹಲಗೆ ಹಿಡಿದು ನಿಂತು, ಬಂದವರನ್ನೆಲ್ಲ ತಡೆದು, ನಮಗೊಂದು ತಂಡ ಕೊಡಿ ಎಂಬ ಮನವಿಗೆ ಸಹಿ ಹಾಕಿಸಿದ. ಮಂತ್ರಿಗಳಿಗೆ, ಪತ್ರಿಕೆಗಳಿಗೆ, ಲೀಗಿನವರಿಗೆ ಕಾಗದ ಬರೆದ. ಒಂದೊಂದು ಸಲ ಅಧಿಕಾರಿಗಳು ಬಂದು ಇಷ್ಟುದ್ದ ಮಾತಾಡಿ ಹೋಗುತ್ತಿದ್ದರು. ಅಥಾಲ್ ಒಂದು ವಾರ ಕುಣಿದು, ಮುಂದಿನ ಒಂದು ವರ್ಷ ಸೊರಗುತ್ತಿದ್ದ. ಕಡೆಗೊಂದು ದಿನ ರೇಡಿಯೋದಲ್ಲಿ ಸುದ್ದಿ ಬಂತು. ಹತ್ತೊಂಬತ್ತನೆಯ ತಂಡ ಟಾಸ್ಮೇನಿಯಾದ್ದು. ಅಥಾಲ್ ಒಗೆಯುವ ಮೆಷಿನ್ನಿನ ಮುಂದೆ ಕುಕ್ಕರಿಸಿ ಕೂತು ಅತ್ತ. ನೋಲಾ ಬಂದು ಮೆಷಿನ್ ಆರಿಸಿದಳು, ಅವನ ತಲೆಯ ಮೇಲೆ ಕೈಯಿಟ್ಟಳು. "ಅಳೋದು ಮುಗಿದ ಮೇಲೆ ಆ ಚಡ್ಡಿಗಳನ್ನ ಎತ್ತಿ ಹಾಕು," ಎಂದಳು. ಅವಳ ದನಿಯೂ ಸರಿಯಿರಲಿಲ್ಲ.

ಅಯ್ಯೋ, ಅಲ್ಲಿಗೇ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಹೊತ್ತಿಗಾಗಲೇ ಮಾರ್ವಾ ಕ್ಲಬ್ಬು ಸವೆಯುತ್ತಿತ್ತು. ಫ್ಯಾಕ್ಟರಿಯಲ್ಲಿ ಮೂರು ಪಾಳಿ ಹೋಗಿ ಒಂದು ಪಾಳಿಯಾಗಿತ್ತು. ಗಟ್ಟಿಮುಟ್ಟಾದವರು ಕಡಲಾಚೆಯ ಗಣಿಗಳಿಗೆ ಹೋಗಿ ಮೂರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮೊದಲು ಹದಿನೆಂಟರ ಒಳಗಿನವರ ತಂಡ ಹೋಯಿತು, ಆಮೇಲೆ ಎರಡನೇ ತಂಡ. ತಂತಿಯ ಮೇಲೆ ಅರವತ್ತು ಇದ್ದದ್ದು ನಲವತ್ತಾಗಿ, ನಲವತ್ತು ಇಪ್ಪತ್ತಾಯಿತು. ಅಥಾಲ್ ಮಾತ್ರ ಎದೆಗುಂದಲಿಲ್ಲ. "ನಮ್ಮ ತಂಡ ಬರಲಿ ತಾಳು. ಟಿವಿಯಲ್ಲಿ ನಮ್ಮವರೇ ಆಡೋದು ನೋಡಿದ್ರೆ ಒಂದೊಂದು ಮನೆಯಿಂದಲೂ ಹುಡುಗರು ಎದ್ದು ಬರ್ತಾರೆ. ಅಲ್ಲೀತನಕ ಕ್ಲಬ್ಬಿನ ಉಸಿರು ಹಿಡಿದಿಟ್ಟರೆ ಸಾಕು," ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಹೊಸ ತಂಡ ಮೊದಲ ಪಂದ್ಯ ಆಡುವ ದಿನದವರೆಗೆ ಮಾರ್ವಾ ಉಳಿದಿರಬೇಕು. ಇನ್ನೆರಡು ಚಳಿಗಾಲ.

ಹೊಸ ತಂಡ ಬರುವುದಕ್ಕೆ ಮುಂಚೆಯೇ ಅದರ ತರಬೇತಿ ಶಿಬಿರ ಬಂತು. ದ್ವೀಪದ ಚುರುಕಾದ ಹುಡುಗರನ್ನು ಆರಿಸಿ ಲಾನ್ಸೆಸ್ಟನ್ನಿನಲ್ಲಿ ಪಳಗಿಸುವುದು. ಮಾರ್ವಾದಿಂದ ಬೆಸ್ವಿಕ್ ಮನೆಯ ಅಣ್ಣತಮ್ಮ ಇಬ್ಬರೂ ಆಯ್ಕೆಯಾದರು. ಅವರಪ್ಪನಿಗೆ ಹಾಲು ಕರೆಯುವ ಹೊತ್ತು, ಬಿಟ್ಟುಬರಲು ಆಗುವುದಿಲ್ಲ. ಮೊದಲ ದಿನ ಅವರನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ತೊಂಬತ್ತು ಕಿಲೋಮೀಟರ್ ಕರೆದುಕೊಂಡು ಹೋದವನು ಯಾರು? ಇದೇ ಅಥಾಲ್. ದಾರಿಯುದ್ದಕ್ಕೂ ಅವರಿಗೆ ಕರಿದ ಮೀನು, ಐಸ್‌ಕ್ರೀಮು ಕೊಡಿಸಿ, ಬೀಗಿ ಬೀಗಿ ವಾಪಸು ಬಂದ. ಶಿಬಿರ ಶನಿವಾರವಿತ್ತು. ಪಂದ್ಯವೂ ಶನಿವಾರವೇ. ಯಾರನ್ನು ಬೈಯೋಣ ಹೇಳಿ, ವಾರಕ್ಕೆ ಇರುವುದು ಒಂದೇ ಶನಿವಾರ.

ಮಾರ್ವಾ ಆಡುತ್ತಿದ್ದದ್ದು ಸುತ್ತಲಿನ ಕಣಿವೆಯ ಊರುಗಳ ಸಣ್ಣ ಲೀಗಿನಲ್ಲಿ. ಅದರ ನಿಯಮ ಸರಳ. ಹದಿನೆಂಟು ಜನ ಇಲ್ಲದಿದ್ದರೂ ಹದಿನಾಲ್ಕು ಜನರಾದರೂ ಇರಬೇಕು. ಇಲ್ಲದಿದ್ದರೆ ಪಂದ್ಯ ಬಿಟ್ಟುಕೊಟ್ಟಂತೆ. ಒಂದೇ ವರ್ಷ ಮೂರು ಪಂದ್ಯ ಬಿಟ್ಟುಕೊಟ್ಟರೆ ಆ ಕ್ಲಬ್ಬು ಲೀಗಿನಿಂದ ಹೊರಗೆ. ಮಾರ್ವಾ ಮೇ ತಿಂಗಳಲ್ಲೊಂದು, ಜೂನ್‌ನಲ್ಲೊಂದು ಬಿಟ್ಟುಕೊಟ್ಟಿತ್ತು. ಮೂರನೆಯದು ಉಳಿದಿತ್ತು.

ಜುಲೈ ತಿಂಗಳ ಎರಡನೆಯ ಶನಿವಾರ, ಅಲ್ಲಿ ನಡುಚಳಿಗಾಲ. ಹುಲ್ಲಿನ ಮೇಲೆ ಹನ್ನೊಂದು ಗಂಟೆಯಾದರೂ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಎದುರಾಳಿ ಡನ್‌ಫರ್ಡ್ ತಂಡದ ಬಸ್ಸು ಆಗಲೇ ಬಂದು ನಿಂತಿತ್ತು, ಇಪ್ಪತ್ತೆರಡು ಜನ ಇಳಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಮಾರ್ವಾದ ಕೋಣೆಯಲ್ಲಿ ಕ್ಲಬ್ಬಿನ ಅಧ್ಯಕ್ಷೆ ಶೋನಾ ಹೇವುಡ್ ಫೋನು ಕಿವಿಯಿಂದ ತೆಗೆಯದೆ ಓಡಾಡುತ್ತಿದ್ದಳು. ಬೇಕರಿ ನಡೆಸುವ ಹೆಂಗಸು. ಕೈಮೇಲೆ ಬೆಳಗಿನ ಹಿಟ್ಟು ಹಾಗೇ ಇತ್ತು. ಒಬ್ಬನಿಗೆ ಜ್ವರ. ಒಬ್ಬನನ್ನು ಫ್ಯಾಕ್ಟರಿಯವರು ಪಾಳಿಗೆ ಕರೆದಿದ್ದರು. ಬೆಸ್ವಿಕ್ ಹುಡುಗರು ಶಿಬಿರದಲ್ಲಿ.

"ಎಷ್ಟಾಯ್ತು?" ಅಥಾಲ್ ಕೇಳಿದ.

"ಹದಿಮೂರು." ಶೋನಾ ಗೋಡೆಗೆ ಒರಗಿದಳು. "ಹದಿಮೂರು ಕಣೋ. ಇನ್ನೊಬ್ಬ ಎಲ್ಲಿಂದ ತರ್ಲಿ? ಪಾದ್ರಿನೂ ಕೇಳಿದೆ. ಬೆನ್ನು ಹಿಡ್ಕೊಂಡಿದೆಯಂತೆ ಅವನಿಗೆ."

ಅಥಾಲ್ ಮಡಿಸಿಟ್ಟ ಜರ್ಸಿಗಳ ರಾಶಿಯಿಂದ ಹದಿನಾಲ್ಕನೆಯ ನಂಬರು ತೆಗೆದ. ತನ್ನ ಕೋಟು ಬಿಚ್ಚಿದ, ಸ್ವೆಟರ್ ಬಿಚ್ಚಿದ. ಅರವತ್ತಾರು ವರ್ಷದ ಬೋಳು ತೋಳು, ಬಿಳಿ ಎದೆ. ಕೋಣೆಯಲ್ಲಿ ಒಬ್ಬನೂ ನಗಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ? ಆ ಮಂಡಿ ಇಟ್ಕೊಂಡು?" ಎಂದಳು ಶೋನಾ.

"ಓಡ್ತೀನಿ ಅಂದ್ನಾ? ನಿಂತ್ಕೋತೀನಿ. ನಿಲ್ಲೋಕೆ ಮಂಡಿ ಸಾಕು."

"ತಾಳು, ನೀನು ರಿಜಿಸ್ಟರ್ ಆಗಿದ್ದೀಯೇನೋ? ಲೀಗಿನ ಆಟಗಾರರ ಪಟ್ಟಿಯಲ್ಲಿ?"

ಅಥಾಲ್ ಬಿಚ್ಚಿಟ್ಟ ಕೋಟನ್ನೆತ್ತಿ ಅದರ ಮೇಲಿನ ಬಿಲ್ಲೆಯನ್ನು ಅವಳ ಮೂಗಿಗೆ ಹಿಡಿದ. "ಇದೇನು ಗುಂಡಿ ಅಂದ್ಕೊಂಡ್ಯಾ? ಆಜೀವ! ನಾನು ಸತ್ತ ಮೇಲೂ ಈ ಕ್ಲಬ್ಬಿನೋನೇ ಕಣೇ!"

ಎಲ್ಲರೂ ಘೊಳ್ಳೆಂದು ನಕ್ಕರು. ಶೋನಾಳೂ ನಕ್ಕಳು, ಕಣ್ಣೊರೆಸಿಕೊಂಡಳು, ಆವತ್ತಿನ ಪಂದ್ಯದ ಹಾಳೆಯಲ್ಲಿ ಅವನ ಹೆಸರು ಬರೆದಳು. ಅವಳ ಫೋನು ಕೈಯಲ್ಲೇ ಇತ್ತು. ಲೀಗಿನಲ್ಲಿ ನೋಂದಾಯಿಸುವುದು ಎರಡು ನಿಮಿಷದ ಕೆಲಸ. ಹೆಸರು, ಹುಟ್ಟಿದ ದಿನ, ಒಂದು ಗುಂಡಿ ಒತ್ತುವುದು. ಆದರೆ ಅಥಾಲ್ ರಂಡಲ್ ಮಾರ್ವಾದವನು ಹೌದೋ ಅಲ್ಲವೋ ಎಂದು ಒಂದು ಮೆಷಿನ್ನನ್ನು ಕೇಳಬೇಕೆಂದು ಆ ಕೋಣೆಯಲ್ಲಿ ಯಾರಿಗಾದರೂ ಹೊಳೆದೀತು ಹೇಗೆ?

ಆವತ್ತು ಮಾರ್ವಾ ಮೂವತ್ತೊಂದು ಗೋಲುಗಳಿಂದ ಸೋತಿತು. ಅಂಥ ಸಂತೋಷದ ಸೋಲನ್ನು ಆ ಮೈದಾನ ಕಂಡಿರಲಿಲ್ಲ. ಅಥಾಲ್ ಕಂಬದ ಪಕ್ಕದ ಮೂಲೆಯಲ್ಲಿ ನಿಂತೇ ಇದ್ದ. ಅವನ ಮೇಲೆ ಕಣ್ಣಿಡಬೇಕಾಗಿದ್ದ ಡನ್‌ಫರ್ಡಿನ ಹುಡುಗ, "ತಾತ, ಚಳಿಯಾಗ್ತಿದ್ಯಾ?" ಎಂದು ಕೇಳಿದ್ದಕ್ಕೆ, "ನಿನ್ನ ಆಟ ನೋಡಿ ನಡುಕ ಬರ್ತಿದೆ," ಎಂದ. ಎರಡು ಸಲ ಚೆಂಡು ಅವನ ಕೈಗೆ ಬಂತು. ಒಂದನ್ನು ಬಿಟ್ಟ. ಇನ್ನೊಂದನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೆಸರಲ್ಲಿ ಮುಖಡಿಯಾಗಿ ಬಿದ್ದ, ಬಿಡಲೇ ಇಲ್ಲ. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ನೋಲಾ ಬೇಲಿ ಹಿಡಿದು, "ಎದ್ದೇಳೋ ಮುದುಕಾ, ಸತ್ಹೋದ್ಯಾ?" ಎಂದು ಕಿರುಚುತ್ತಿದ್ದಳು. ಆಟ ಮುಗಿದ ಸೈರನ್ ಕೂಗಿದಾಗ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಮೂರನೆಯದು ತಪ್ಪಿತು. ಕ್ಲಬ್ಬು ಉಳಿಯಿತು.

ಭಾನುವಾರ ಬೆಳಿಗ್ಗೆ ತಂತಿಯ ಮೇಲೆ ಹದಿಮೂರೇ ಜರ್ಸಿ ಇದ್ದವು. ನೋಲಾ ಎಣಿಸಿದಳು. "ಒಂದು ಕಮ್ಮಿ ಇದೆಯಲ್ಲ?"

"ಇರ್ಲಿ ಬಿಡೇ. ಒಂದು ವಾರ ಇಟ್ಕೋತೀನಿ. ನನ್ನ ಕೆಸರು ಅದು." ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಒಂದು ಜರ್ಸಿಯನ್ನು ಒಗೆಯದೆ, ಶೆಡ್ಡಿನ ಮೊಳೆಗೆ ನೇತುಹಾಕಿದ್ದ.

ಮಂಗಳವಾರ ಮಧ್ಯಾಹ್ನ ಶೋನಾ ಬಂದಳು. ಗೇಟಿನ ಒಳಗೆ ಬಂದವಳು ಅಲ್ಲೇ ನಿಂತಳು. ಡನ್‌ಫರ್ಡಿನವರು ಯಾವ ಕೇಡನ್ನೂ ಬಗೆದಿರಲಿಲ್ಲ. ಅವರ ಕಾರ್ಯದರ್ಶಿ ವಾಡಿಕೆಯಂತೆ ಎರಡೂ ತಂಡದ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದ್ದ. ಮಾರ್ವಾದ ಹದಿಮೂರು ಹೆಸರನ್ನು ಅದು ನುಂಗಿತು. ಹದಿನಾಲ್ಕನೆಯದನ್ನು ಉಗುಳಿತು.

"ಆಜೀವ ಸದಸ್ಯ ಅಂದ್ರೆ ಕ್ಲಬ್ಬಿನ ಲೆಕ್ಕಕ್ಕೆ ಅಂತೆ. ಆಟಗಾರ ಅಂತ ಬೇರೆ ನೋಂದಾಯಿಸ್ಬೇಕಿತ್ತಂತೆ. ಹಾಗೆ ನೋಂದಾಯಿಸ್ದೆ ಇರೋನು ಆಡಿದ್ರೆ... ಬಿಟ್ಟುಕೊಟ್ಟ ಹಾಗೇ ಅಂತೆ, ಅಥಾಲ್."

"ಮೂರನೇದು," ಎಂದ ಅಥಾಲ್.

"ಮೂರನೇದು. ನನ್ನ ತಪ್ಪು. ಫೋನು ಕೈಯಲ್ಲೇ ಇತ್ತು. ಕೇಳಿದೆ, ಆಮೇಲೆ ನಕ್ಕುಬಿಟ್ಟೆ." ಶೋನಾ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ನಿನ್ನದಲ್ಲ. ನಾನು ಆ ಬಿಲ್ಲೆ ತೋರಿಸ್ದೇ ಇದ್ದಿದ್ರೆ ನೀನು ಒತ್ತಿರ್ತಿದ್ದೆ."

ಮೇಲ್ಮನವಿ ಹಾಕಿದರು. ಲೀಗಿನವರು ಫೋನಿನಲ್ಲಿ ಅರ್ಧ ಗಂಟೆ ಮರ್ಯಾದೆಯಿಂದಲೇ ಕೇಳಿಸಿಕೊಂಡು, ನಿಯಮ ಎಲ್ಲರಿಗೂ ಒಂದೇ ಎಂದರು. ಸುಳ್ಳೇನೂ ಅಲ್ಲ. ಸೆಪ್ಟೆಂಬರಿನಲ್ಲಿ ಸಭೆ ಕರೆದು, ಇಪ್ಪತ್ತಮೂರು ಜನ ಕೈಯೆತ್ತಿ, ನೂರ ಹದಿನೇಳು ವರ್ಷದ ಕ್ಲಬ್ಬನ್ನು ಮುಚ್ಚಿದರು. ಅಥಾಲ್ ಕೈಯೆತ್ತಲಿಲ್ಲ, ಇಳಿಸಲೂ ಇಲ್ಲ. ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಅವತ್ತಿನಿಂದ ಕೋಟಿನ ಮೇಲೆ ಬಿಲ್ಲೆ ಕಾಣಲಿಲ್ಲ. ಭಾನುವಾರಗಳಲ್ಲಿ ಅವನು ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, ಹತ್ತು ಗಂಟೆಗೆ ಎದ್ದು ಬರುತ್ತಿದ್ದ. ರಸ್ತೆಯಲ್ಲಿ ಕಾರುಗಳು ಸದ್ದಿಲ್ಲದೆ ಹೋಗುತ್ತಿದ್ದವು.

ಒಂದು ಸಲ ಮಾತ್ರ ನೋಲಾಳ ಹತ್ತಿರ ಬಾಯಿಬಿಟ್ಟ. "ಆ ತಂಡಕ್ಕೆ ಅಂತ ಎಷ್ಟು ಸಹಿ ಹಾಕಿಸ್ದೆ ನಾನು. ಆ ಹುಡುಗರನ್ನ ನಾನೇ ಕೂರಿಸ್ಕೊಂಡು ಹೋದೆ. ಅವರಿಬ್ಬರಲ್ಲಿ ಒಬ್ಬ ಇದ್ದಿದ್ರೆ ಸಾಕಿತ್ತು ನೋಲಾ. ಒಬ್ಬ."

"ಹಾಗಂತ ಅವರನ್ನ ತಡೀತಿದ್ಯಾ?"

"ಇಲ್ಲ," ಎಂದ. "ಅದೇ ಕಣೇ ಕಷ್ಟ."

ಅಕ್ಟೋಬರಿನ ಒಂದು ಭಾನುವಾರ ಹೊಸ ತಂಡದ ಕಡೆಯಿಂದ ಒಬ್ಬ ಹುಡುಗಿ ಬಂದಳು. ಇಮೋಜನ್ ಎಂದು ಹೆಸರು, ಮೈಮೇಲೆ ಹೊಸ ತಂಡದ ಹಸಿರು ಕೋಟು, ಮಾತಿನಲ್ಲಿ ಮರ್ಯಾದೆ. ಹೊಸ ತಂಡದ ಕಟ್ಟಡದಲ್ಲಿ ಒಂದು ದೊಡ್ಡ ಗೋಡೆ ಮಾಡುತ್ತಾರಂತೆ. ದ್ವೀಪದ ಹಳೆಯ ಕ್ಲಬ್ಬುಗಳ ಜರ್ಸಿಗಳನ್ನು ಗಾಜಿನೊಳಗೆ ಇಡುತ್ತಾರಂತೆ, ಬೇರು ಮರೆಯಬಾರದೆಂದು. ಮಾರ್ವಾದ್ದೂ ಒಂದು ಬೇಕು.

"ಮಿಸ್ಟರ್ ರಂಡಲ್, ನಿಮ್ಮ ಕಾಗದಗಳ ಫೈಲು ನೋಡಿದೆ ನಾನು. ನಲವತ್ತು ವರ್ಷದ್ದು!"

"ಅಥಾಲ್ ಅಂತ ಕರಿಯಮ್ಮ. ಮಿಸ್ಟರ್ ನಮ್ಮಪ್ಪ."

ಅವನು ಶೆಡ್ಡಿನ ಬಾಗಿಲು ತೆಗೆದ. ಕಪಾಟಿನ ತುಂಬ ಮಡಿಸಿಟ್ಟ ಜರ್ಸಿಗಳು, ಕಡುಗೆಂಪು, ಎದೆಯ ಮೇಲೆ ಬಿಳಿ ಪಟ್ಟೆ. ಇಮೋಜನಳ ಕಣ್ಣು ಅವನ್ನೆಲ್ಲ ಬಿಟ್ಟು ಮೊಳೆಗೆ ನೇತುಹಾಕಿದ್ದರ ಮೇಲೆ ಬಿತ್ತು. ಕೆಸರು ಒಣಗಿ ಬಿರುಕು ಬಿಟ್ಟಿತ್ತು.

"ಅದು! ಅದನ್ನೇ ಕೊಡಿ, ಹಾಗೇ. ಕೆಸರಿದ್ರೇನೇ ಜನಕ್ಕೆ ಇಷ್ಟ ಆಗೋದು. ಯಾರದು ಹದಿನಾಲ್ಕು?"

"ಒಬ್ಬ ಇದ್ದ," ಎಂದ ಅಥಾಲ್. "ಹೆಚ್ಚು ಆಡ್ಲಿಲ್ಲ."

ಮೊಳೆಯಿಂದ ಜರ್ಸಿಯನ್ನು ತೆಗೆದ. ತೊಟ್ಟಿಯ ನಲ್ಲಿ ತಿರುಗಿಸಿದ.

"ಅಯ್ಯೋ, ತೊಳೀಬೇಡಿ!"

"ತೊಳೀದೆ ಇಲ್ಲಿಂದ ಯಾವ ಜರ್ಸೀನೂ ಹೊರಗೆ ಹೋಗಿಲ್ಲಮ್ಮ." ಅವನ ದನಿ ಗಡುಸಾಗಿತ್ತು, ಹುಡುಗಿ ಹಿಂದೆ ಸರಿದಳು. ತಣ್ಣೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ಎರಡೂ ಮುಷ್ಟಿಯಿಂದ ತಿಕ್ಕಿದ. ಜುಲೈ ತಿಂಗಳ ಕೆಸರು ಬಣ್ಣ ಬಿಟ್ಟು ತೊಟ್ಟಿಯ ತೂತಿನಲ್ಲಿ ಇಳಿಯಿತು. ಅದು ಪೂರ್ತಿ ಹೋಗುವವರೆಗೆ ನೋಡುತ್ತಾ ನಿಂತ.

ನೋಲಾ ಟೀ ತಂದಳು. ಜರ್ಸಿ ಇನ್ನೂ ತೊಟ್ಟಿಯಲ್ಲೇ ಇತ್ತು, ಅದು ಒಣಗುವವರೆಗೆ ಕಾಯಬೇಕಲ್ಲ. ಇಮೋಜನ್ ಚೀಲದಿಂದ ಹೊಸ ತಂಡದ ಹಸಿರು ಮಫ್ಲರ್ ತೆಗೆದು ಅವನ ಕೊರಳಿಗೆ ಹಾಕಿ, ಫೋನು ಎತ್ತಿ ಹಿಡಿದಳು. "ನೀವು ಜೀವಮಾನದಲ್ಲಿ ಯಾವ ತಂಡಕ್ಕೂ ಕೂಗಿಲ್ವಂತೆ. ಬೇಕರಿಯಲ್ಲಿ ಹೇಳಿದ್ರು. ನಮ್ಮದು ಬಂದ ಮೇಲೆ ಕೂಗ್ತೀನಿ ಅಂದಿದ್ರಂತೆ. ಈಗ ಬಂತಲ್ಲ! ಒಂದೇ ಒಂದು ಸಲ ಕೂಗಿ, ಎಲ್ಲರಿಗೂ ತೋರಿಸ್ತೀವಿ."

ಅಥಾಲ್ ಬಾಯಿ ತೆರೆದ. ಅವನಿಗೆ ಕೂಗಬೇಕೆಂದೇ ಇತ್ತು, ಆ ಹುಡುಗಿಯ ಮನಸ್ಸು ನೋಯಿಸಬಾರದೆಂದೂ ಇತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ನೋಲಾ ಮುಖ ತಿರುಗಿಸಿದಳು.

"ಎಷ್ಟು ಜನ ಆಟಗಾರರು ನಿಮ್ಮಲ್ಲಿ?" ಎಂದು ಕೇಳಿದ ಕೊನೆಗೆ.

"ನಲವತ್ತರ ಮೇಲೆ ಇರ್ತಾರೆ."

"ಹಾಗಾದ್ರೆ ನಿಮಗೆ ಯಾವತ್ತೂ ಒಬ್ಬ ಕಮ್ಮಿ ಬೀಳಲ್ಲ." ಮಫ್ಲರನ್ನು ತೆಗೆದು ಮಡಿಸಿ ಅವಳ ಕೈಗೆ ಕೊಟ್ಟ. "ಒಳ್ಳೇದಾಗ್ಲಿ ಅವರಿಗೆ."

ಹುಡುಗಿ ಫೋನು ಇಳಿಸಿದಳು. ಅಥಾಲ್ ಒದ್ದೆ ಜರ್ಸಿಯನ್ನು ಹಿಂಡಿ, ಕೊಡವಿ, ತಂತಿಯ ನಟ್ಟನಡುವೆ ಎರಡು ಕ್ಲಿಪ್ಪು ಹಾಕಿ ನೇತುಹಾಕಿದ. ಆ ಉದ್ದ ತಂತಿಗೆ ಅದೊಂದೇ. ಗಾಳಿಗೆ ತೋಳು ಆಡುತ್ತಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಕಾರು ಬಂತು. ಮೂರು ವಾರಕ್ಕೊಮ್ಮೆ ಗಣಿಯಿಂದ ಮನೆಗೆ ಬರುವ ಯಾರೋ ಇರಬೇಕು. ಬೇಲಿಯಾಚೆ ಸ್ವಲ್ಪ ನಿಧಾನಿಸಿ, ಎರಡು ಸಲ ಹಾರ್ನ್ ಹೊಡೆದು ಹೋಯಿತು.

ಅಥಾಲ್ ತಲೆಯೆತ್ತದೆ ಕೈ ಮೇಲೆತ್ತಿದ. ಎತ್ತಿದ ಕೈಯನ್ನು ಇಳಿಸುವುದು ಅವನಿಗೆ ಬಹಳ ಹೊತ್ತು ತೋಚಲಿಲ್ಲ.